ಯಾವ ಇಸವಿಯ ಜೀಪು ಬೇಕು?

ಹೊಸನಗರದ ಕಡೆ ನಮ್ಮ ಮಾವನ ಮನೆಯ ಕೊಟ್ಟಿಗೆಯಲ್ಲಿ ಒಂದು ಜೀಪು ನಿಂತು ಹದಿನಾರು ಮಳೆಗಾಲ ಕಳೆಯಿತು. ಬಾನೆಟ್ ಮೇಲೆ ಅಡಿಕೆ ಚೀಲ, ಹಿಂದಿನ ಸೀಟಿನಲ್ಲಿ ಹಾಳೆಯ ಕಟ್ಟು, ಸ್ಟೀರಿಂಗ್‌ಗೆ ನೇತು ಹಾಕಿದ ಕಂಬಳಿಕೊಪ್ಪೆ. ಹೋದ ಬೇಸಿಗೆಯಲ್ಲಿ ಮನೆಯ ಹುಡುಗರಿಗೆ ಅದನ್ನು ರೆಡಿ ಮಾಡಿಸುವ ಹುಮ್ಮಸ್ಸು ಬಂತು. ಶಿವಮೊಗ್ಗದಿಂದ ಒಬ್ಬ ಟಿಂಕರ್ ಬಂದ. ಗಾಡಿಗೆ ಒಂದು ಸುತ್ತು ಹಾಕಿದ. ಬಾಗಿಲು ತಟ್ಟಿ ನೋಡಿದ. ಆಮೇಲೆ ಕೇಳಿದ, 'ಯಾವ ಕಲರ್ ಹೊಡೆಯೋದು?'

ಹುಡುಗರು ಒಂದೇ ಬಾಯಲ್ಲಿ 'ಮಿಲಿಟರಿ ಹಸಿರು' ಅಂದರು. ಮಾವ ಮಾತಾಡಲಿಲ್ಲ. ಎದ್ದು ಹೋಗಿ ಕವಳ ಹಾಕಿಕೊಂಡು ಬಂದು, 'ನಾನು ಕಂಡಾಗಿಂದ ಅದು ಹಸಿರು ಇದ್ದದ್ದೇ ಇಲ್ವಲ್ಲ' ಅಂದರು.

ಅಲ್ಲಿಗೆ ಕೆಲಸ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಯಾಕಂದ್ರೆ ಬಣ್ಣ ಕೊನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಈ ಗಾಡಿಯನ್ನು ಯಾವ ಇಸವಿಗೆ ವಾಪಸ್ ಕರೆದುಕೊಂಡು ಹೋಗಬೇಕು ಅಂತ. ಸೈನ್ಯದಲ್ಲಿದ್ದ 1944ಕ್ಕಾ? ಊರಿನ ಗಾಡಿಯಾದ 1950–60ರ ದಶಕಕ್ಕಾ? ಅಥವಾ ಕೊಟ್ಟಿಗೆಗೆ ಬಂದು ನಿಂತ ದಿನಕ್ಕಾ? ಇದೊಂದು ತೀರ್ಮಾನವಾದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಉದುರಿ ಹೋಗುತ್ತವೆ. ಇದನ್ನು ಬಿಟ್ಟು ಕೆಲಸ ಶುರು ಮಾಡಿದರೆ, ಮುಂಭಾಗ ಯುದ್ಧದ್ದು, ಹಿಂಭಾಗ ಮದುವೆ ದಿಬ್ಬಣದ್ದು, ಎಂಜಿನ್ ಮೂರನೆಯವರದ್ದು ಆಗಿರುವ ಒಂದು ಗಾಡಿ ಕೈಗೆ ಬರುತ್ತದೆ. ಅಂಥವು ನಮ್ಮ ಕಡೆ ಬೇಕಾದಷ್ಟಿವೆ.

ಡಿಸ್ಪೋಸಲ್ ಮಾಲು

ಎರಡನೇ ಮಹಾಯುದ್ಧದ ಜೀಪು ಮಲೆನಾಡಿಗೆ ಬಂದದ್ದು ಹೀಗೆ. ಬರ್ಮಾ ಗಡಿಯ ಯುದ್ಧಕ್ಕೆ ಅಂತ ಭಾರತಕ್ಕೆ ಅಮೆರಿಕದ ಜೀಪುಗಳು, ಕೆನಡಾದ ಲಾರಿಗಳು ರಾಶಿ ರಾಶಿಯಾಗಿ ಬಂದವು. 1945ರಲ್ಲಿ ಯುದ್ಧ ಮುಗಿಯಿತು. ಅಷ್ಟನ್ನೂ ಹಡಗಿಗೆ ಹೇರಿ ವಾಪಸ್ ಒಯ್ಯುವ ಖರ್ಚು ಯಾರಿಗೂ ಬೇಡವಾಗಿತ್ತು. ಹರಾಜಾಯಿತು. ಹಳಬರ ಬಾಯಲ್ಲಿ ಇವತ್ತಿಗೂ ಅದು 'ಡಿಸ್ಪೋಸಲ್ ಜೀಪು'.

ಕೊಂಡವರು ಅದನ್ನು ಷೋಕಿಗೆ ಕೊಳ್ಳಲಿಲ್ಲ. ಮಳೆಗಾಲದಲ್ಲಿ ಎತ್ತಿನ ಗಾಡಿಯೇ ಹೂತು ಹೋಗುವ ರಸ್ತೆಗಳು. ನಾಲ್ಕೂ ಚಕ್ರ ಎಳೆಯುವ ಗಾಡಿ ಅಂದರೆ ತೋಟದವರಿಗೆ, ನಾಟಾ ಕಂಟ್ರಾಕ್ಟರಿಗೆ ದೇವರು ಕೊಟ್ಟಂತೆ. ಆದರೆ ಬಂದ ಹಾಗೆ ಓಡಿಸಲು ಆಗುವಂಥದ್ದೂ ಅಲ್ಲ. ಬಾಗಿಲಿಲ್ಲ. ತಲೆ ಮೇಲೆ ಕ್ಯಾನ್ವಾಸ್ ಬಿಟ್ಟರೆ ಏನಿಲ್ಲ. ಸ್ಟೀರಿಂಗ್ ಎಡಗಡೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ. ಆ ಮಳೆಯಲ್ಲಿ ಬಾಗಿಲಿಲ್ಲದ ಗಾಡಿಯಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ತೀರ್ಥಹಳ್ಳಿ ಆಸ್ಪತ್ರೆಗೆ ಹೋಗುವುದು ಹೇಗೆ? ಹಾಗಾಗಿ ಬಡಗಿ, ಕಮ್ಮಾರ, ಗ್ಯಾರೇಜಿನವರು ಸೇರಿ ಅದಕ್ಕೆ ಹೊಸ ಮೈ ಕಟ್ಟಿದರು.

ಆ ಹೊಸ ಮೈಯನ್ನು ಏನು ಮಾಡಬೇಕು? ಇಡೀ ಕಥೆ ಇರುವುದು ಇಲ್ಲಿ.

ಮೊದಲು ಇದು ಏನು ಅಂತ ತಿಳಿಯಬೇಕು

ನಮ್ಮಲ್ಲಿ ಹಳೇ ಜೀಪಿಗೆಲ್ಲ 'ಮಿಲಿಟರಿ ಜೀಪು' ಅನ್ನುತ್ತಾರೆ. ಎಷ್ಟೋ ಸಲ ಅದು ಮಿಲಿಟರಿ ಆಗಿರುವುದಿಲ್ಲ. ಯುದ್ಧ ಮುಗಿದ ಕೂಡಲೇ ವಿಲ್ಲೀಸ್ ಕಂಪನಿ ರೈತರಿಗೆ ಅಂತ ಸಿಜೆ ಜೀಪು ಮಾಡಿತು. 1940ರ ದಶಕದ ಕೊನೆಗೆ ಮಹೀಂದ್ರಾದವರು ಇಲ್ಲಿ ಜೋಡಿಸಲು ಶುರು ಮಾಡಿದರು. ಲೋ ಬಾನೆಟ್, ಹೈ ಬಾನೆಟ್ ಅಂತ ನಾವು ಕರೆಯುವ ಎರಡೂ ಆ ವಂಶದವು. ಹೈ ಬಾನೆಟ್ ಹಾಗೆ ಎದ್ದು ನಿಂತದ್ದು ಒಳಗಿನ ಎಂಜಿನ್ ಎತ್ತರವಾದ್ದರಿಂದ, ಬೇರೇನೂ ಕಾರಣವಿಲ್ಲ.

ನಿಜವಾದ ಯುದ್ಧದ ಜೀಪು 1941ರಿಂದ 1945ರವರೆಗಿನದು. ವಿಲ್ಲೀಸ್ ಮಾಡಿದ್ದು ಎಂಬಿ. ಅದೇ ನಕ್ಷೆಯಲ್ಲಿ ಫೋರ್ಡ್ ಮಾಡಿದ್ದು ಜಿಪಿಡಬ್ಲ್ಯೂ. ಎರಡೂ ಸೇರಿ ಆರು ಲಕ್ಷಕ್ಕೂ ಜಾಸ್ತಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಮುಂದಿನ ಜಾಲರಿಯ ಸೀಳು ಎಣಿಸಿ. ಒಂಬತ್ತಿದ್ದರೆ ಯುದ್ಧದ್ದು, ಏಳಿದ್ದರೆ ಸಿಜೆ. ಯುದ್ಧದ ಮೊದಮೊದಲ ಗಾಡಿಗಳಲ್ಲಿ ಜಾಲರಿಯ ಬದಲು ಬೆಸುಗೆ ಹಾಕಿದ ಕಬ್ಬಿಣದ ಪಟ್ಟಿಗಳಿದ್ದವು. ಯುದ್ಧದ ಜೀಪಿನ ಹೆಡ್‌ಲೈಟ್ ಚಿಕ್ಕದು, ಜಾಲರಿಯ ಹಿಂದಕ್ಕೆ ಕೂತಿರುತ್ತದೆ. ಅದರ ನಟ್ ಸಡಿಲಿಸಿ ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ, ರಾತ್ರಿ ರಿಪೇರಿಗೆ. ಪೆಟ್ರೋಲ್ ಹಾಕಲು ಡ್ರೈವರ್ ಸೀಟು ಎತ್ತಬೇಕು. ಸಿಜೆಗಾದರೆ ಹೊರಗಿನಿಂದಲೇ ಮುಚ್ಚಳ. ಯುದ್ಧದ್ದಕ್ಕೆ ಹಿಂದೆ ತೆರೆಯುವ ಹಲಗೆ ಇರಲಿಲ್ಲ. ಹಿಂಬದಿ ಪೂರ್ತಿ ಮುಚ್ಚಿ, ಅಲ್ಲೇ ಸ್ಟೆಪ್ನಿ ಮತ್ತು ಪೆಟ್ರೋಲ್ ಡಬ್ಬ.

ಮೇಲಿನ ಭಾಗಗಳು ಬದಲಾಗಿರಬಹುದು. ಆದ್ದರಿಂದ ನಂಬಬೇಕಾದದ್ದು ಚಾಸಿಯನ್ನು. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡನೆ ಕೊಳವೆಯಾಗಿದ್ದರೆ ವಿಲ್ಲೀಸ್, ಚೌಕವಾಗಿದ್ದರೆ ಫೋರ್ಡ್. ಫೋರ್ಡಿನವರಿಗೆ ಇನ್ನೊಂದು ಚಟ. ಬೋಲ್ಟಿನ ತಲೆಯಿಂದ ಹಿಡಿದು ಕೊಕ್ಕೆಯವರೆಗೆ ಎಲ್ಲದರ ಮೇಲೂ ಒಂದು 'ಎಫ್' ಅಕ್ಷರ ಒತ್ತುತ್ತಿದ್ದರು.

ನಮ್ಮ ಜೀಪಿನಲ್ಲಿ ಆ ಅಕ್ಷರ ಸಿಕ್ಕಿದ ಗಳಿಗೆ ಚೆನ್ನಾಗಿ ನೆನಪಿದೆ. ಎಡಗಡೆ ಮಡ್‌ಗಾರ್ಡ್ ಹಿಡಿದಿದ್ದ ಒಂದು ಬೋಲ್ಟು. ಮೇಲೆ ಗ್ರೀಸು, ಮಣ್ಣು, ಮೂರು ಸಲ ಹೊಡೆದ ಪೇಂಟು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಕ್ಕಿದೆವು. ಕಡ್ಲೆಕಾಳಿನಷ್ಟು ಸಣ್ಣ ಅಕ್ಷರ, ಹಿಂದಿನ ಕಾಲದ ಕೈಬರಹದ ಬಳುಕಿನಲ್ಲಿ. ಚಾಸಿಯ ಅಡ್ಡಪಟ್ಟಿಯೂ ಚೌಕ. ಹಾಗಾದರೆ ಫೋರ್ಡ್ ಅಂತ ಹುಡುಗರು ಕುಣಿದರು. ಒಳಗೆ ನೋಡಿದರೆ ಗೇರ್‌ಬಾಕ್ಸ್ ಬೇರೆ ಕಡೆಯದು, ಬಾನೆಟ್ ವಿಲ್ಲೀಸಿನದು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಸೈನ್ಯದ ವರ್ಕ್‌ಶಾಪಿನಲ್ಲೇ ಹತ್ತು ಗಾಡಿ ಬಿಚ್ಚಿ ಏಳು ಗಾಡಿ ಕಟ್ಟುವುದು ಮಾಮೂಲಿ. ಎರಡೂ ಕಂಪನಿಯ ಭಾಗ ಒಂದಕ್ಕೊಂದು ಕೂರಬೇಕು ಅನ್ನುವುದೇ ಕರಾರಾಗಿತ್ತು. 'ಪಕ್ಕಾ ಒರಿಜಿನಲ್' ಅನ್ನುವ ಮಾತನ್ನು ನಾನು ನಂಬದಿರುವುದು ಇದಕ್ಕೇ. ಯುದ್ಧದಲ್ಲೇ ಅದು ಒರಿಜಿನಲ್ ಆಗಿ ಉಳಿದಿರಲಿಲ್ಲ.

ಪೇಂಟಿನ ಕೆಳಗೆ ಪೇಂಟು

ಗಾಡಿಯ ಇತಿಹಾಸಕ್ಕೆ ಕಾಗದಕ್ಕಿಂತ ಒಳ್ಳೆಯ ಸಾಕ್ಷಿ ಅದರ ಬಣ್ಣ. ಓದುವ ವಿಧಾನ ಹೀಗಿದೆ. ಸ್ಪ್ರೇ ಗನ್ ಸುಲಭಕ್ಕೆ ಮುಟ್ಟದ ಜಾಗ ಹುಡುಕಿ. ಡ್ಯಾಶ್‌ಬೋರ್ಡಿನ ಹಿಂಬದಿ, ಬ್ಯಾಟರಿ ತಟ್ಟೆಯ ಕೆಳಗೆ, ಹಿಂದಿನ ಟೂಲ್‌ಬಾಕ್ಸ್ ಮುಚ್ಚಳದ ಒಳಗೆ. ಅಲ್ಲಿ ಎಂಟಾಣೆ ನಾಣ್ಯದಷ್ಟು ಜಾಗವನ್ನು ಮೊದಲು 400 ನಂಬರಿನ ವಾಟರ್ ಪೇಪರ್, ಆಮೇಲೆ 800, ಕೊನೆಗೆ 1000 ಹಿಡಿದು, ನೀರು ಹಾಕಿ ನಿಧಾನಕ್ಕೆ ಉಜ್ಜಬೇಕು. ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ಆಗ ಮರ ಕಡಿದಾಗ ಉಂಗುರ ಕಾಣುವ ಹಾಗೆ ಒಂದೊಂದು ಪದರವೂ ಒಂದೊಂದು ಬಳೆಯಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮದರಲ್ಲಿ ಹೊರಗಿನಿಂದ ಒಳಕ್ಕೆ ಕಂಡದ್ದು: ಮೆರೂನ್. ಅದರ ಕೆಳಗೆ ಆಕಾಶ ನೀಲಿ. ಆಮೇಲೆ ಕೂದಲೆಳೆಯಷ್ಟು ತೆಳುವಾದ ಹಳದಿ. ಬೂದು. ಕೊನೆಗೆ ಹೊಳಪೇ ಇಲ್ಲದ, ಒಣಗಿದ ಸಗಣಿಯ ಹಾಗಿನ ಹಸಿರು. ಅದರ ಕೆಳಗೆ ಕೆಂಪು ಪ್ರೈಮರ್, ಆಮೇಲೆ ತಗಡು.

ಆ ಹಳದಿ ನೋಡಿ ಮಾವ ಮತ್ತೆ ಬಾಯಿಬಿಟ್ಟರು. ಇದು ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಅಲ್ಲಿ ಓಡಿತ್ತು, ಅಲ್ಲಿಂದ ಅವರ ಅಪ್ಪ ತಂದರು ಅನ್ನುವುದು ಮನೆಯ ಮಾತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಳದಿ ಪದರ ಆ ಕಾಲದ್ದೇ ಇರಬಹುದು. ಆದರೆ ಒಂದು ಬಳೆ ಹಳದಿಯಿಂದ ಅಣೆಕಟ್ಟಿನ ಕಥೆ ಸಾಬೀತಾಗುವುದಿಲ್ಲ. ಮನೆಯ ಮಾತನ್ನು ಬರೆದಿಡಿ, ಆದರೆ ಸಾಕ್ಷಿಯ ಪಕ್ಕ ಬೇರೆ ಕಾಲಂನಲ್ಲಿ ಬರೆದಿಡಿ. ನಾವು ನೋಟ್‌ಬುಕ್ಕಿನಲ್ಲಿ ಹಾಗೇ ಮಾಡಿದೆವು.

ಇಷ್ಟೆಲ್ಲ ತಾಳ್ಮೆ ಯಾಕೆ ಅಂತೀರಾ? ಪರಿಚಯದವರೊಬ್ಬರು ತಮ್ಮ ಜೀಪನ್ನು ಒಂದು ವರ್ಕ್‌ಶಾಪಿಗೆ ಬಿಟ್ಟರು. 'ಕ್ಲೀನ್ ಮಾಡಿಡಿ' ಅಂದಿದ್ದರಷ್ಟೆ. ಅಲ್ಲಿಯವರು ಒಂದೇ ಮಧ್ಯಾಹ್ನದಲ್ಲಿ ಮರಳು ಊದಿ ತಗಡನ್ನು ಬೆಳ್ಳಗೆ ಮಾಡಿಟ್ಟರು. ಬಾನೆಟ್ ಪಕ್ಕದಲ್ಲಿ ಪೇಂಟಿನ ಕೆಳಗೆ ಬಿಳಿ ಅಂಕಿಗಳು ಮಸುಕಾಗಿ ಕಾಣುತ್ತಿದ್ದವು. ಆ ಯುದ್ಧದ ಕಾಲಕ್ಕೆ ಅಮೆರಿಕದ ಸೈನ್ಯದಲ್ಲಿ ಜೀಪಿನ ನಂಬರು 20ರಿಂದ ಶುರುವಾಗುತ್ತಿತ್ತು. ಇವರಿಗೆ ಆ 20 ಕಂಡಿತ್ತು, ಉಳಿದ ಅಂಕಿ ಓದುವುದು ಬಾಕಿ ಇತ್ತು. ಅದು ಹೋಯಿತು, ಪುಡಿಯಾಗಿ. ಆ ಗಾಡಿ ಯುದ್ಧದಲ್ಲಿ ಯಾರ ಬಳಿ ಇತ್ತು ಅಂತ ಪತ್ತೆ ಮಾಡುವ ದಾರಿ ಅದೊಂದೇ ಇತ್ತು.

ಮೂರು ದಾರಿ, ನನ್ನ ಒಲವು

ಈಗ ಆಯ್ಕೆಗೆ ಬರೋಣ. ಒಂದು, ಯುದ್ಧದ ರೂಪಕ್ಕೆ ಮರಳಿಸುವುದು. ಎರಡು, ಊರಿನವರು ಬದಲಾಯಿಸಿದ ರೂಪವನ್ನೇ ದುರಸ್ತಿ ಮಾಡುವುದು. ಮೂರು, ಇರುವುದನ್ನು ಇನ್ನಷ್ಟು ಹಾಳಾಗದಂತೆ ನಿಲ್ಲಿಸಿ, ಓಡುವಂತೆ ಮಾತ್ರ ಮಾಡುವುದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಮಾಡಿಕೊಂಡ ಟ್ಯೂರಿನ್ ಚಾರ್ಟರ್ ಅಂತ ಒಂದು ಒಪ್ಪಂದವಿದೆ. ಗಾಡಿ ದುಡಿಯುತ್ತಿದ್ದ ಕಾಲದಲ್ಲಿ ಆದ ಬದಲಾವಣೆಗಳೂ ಅದರ ಇತಿಹಾಸವೇ ಅನ್ನುವುದು ಅದರ ನಿಲುವು. ಹೊಸದಾಗಿ ಹಾಕಿದ ಭಾಗ ಹೊಸದು ಅಂತ ಗೊತ್ತಾಗುವಂತೆ ಗುರುತಿರಲಿ ಅಂತಲೂ ಹೇಳುತ್ತದೆ.

ನನ್ನ ವಾದ ಇನ್ನೂ ಸರಳ. ಯುದ್ಧದ ಜೀಪು ಆರು ಲಕ್ಷ ತಯಾರಾಗಿದೆ. ಜಗತ್ತಿನ ತುಂಬ ಮ್ಯೂಸಿಯಮ್ಮುಗಳಲ್ಲಿದೆ. ಅದರ ಇಡೀ ತಗಡಿನ ಮೈಯನ್ನು ಇವತ್ತಿಗೂ ಫಿಲಿಪ್ಪೀನ್ಸಿನಲ್ಲಿ ಹೊಸದಾಗಿ ಒತ್ತಿ ಮಾರುತ್ತಾರೆ. ಡ್ಯಾಶ್‌ಬೋರ್ಡಿನ ಮೇಲಿನ ಫಲಕ, ಸೀಟಿನ ಕ್ಯಾನ್ವಾಸು, ಡಬ್ಬದ ಪಟ್ಟಿ, ಎಲ್ಲವೂ ದುಡ್ಡು ಕೊಟ್ಟರೆ ಬರುತ್ತದೆ. ಇವತ್ತಲ್ಲದಿದ್ದರೆ ಹತ್ತು ವರ್ಷ ಬಿಟ್ಟೂ ಯುದ್ಧದ ಜೀಪು ಮಾಡಬಹುದು. ಆದರೆ ಹೊಸನಗರದ ಬಡಗಿಯೊಬ್ಬರು ಕಟ್ಟಿದ ಮರದ ಚೌಕಟ್ಟಿನ ಜೀಪಿನ ಮೈ ಯಾವ ಅಂಗಡಿಯಲ್ಲೂ ಇಲ್ಲ. ಕಿತ್ತು ಸೌದೆ ಕೊಟ್ಟಿಗೆಗೆ ಎಸೆದರೆ ಮುಗಿಯಿತು.

ಹಾಗಂತ ಬದಲಾದದ್ದೆಲ್ಲ ಕಾಪಾಡತಕ್ಕದ್ದು ಅಂತಲೂ ಅಲ್ಲ. ನಮ್ಮ ಜೀಪಿನ ಮೈ ಹೆಬ್ಬಲಸಿನ ಚೌಕಟ್ಟು. ಕಂಬ ಮತ್ತು ತೊಲೆ ಸೇರುವಲ್ಲಿ ಮೊಳೆ ಇಲ್ಲ, ಕಚ್ಚು ಹಾಕಿ ಕೂರಿಸಿ ಬಿದಿರಿನ ಬೆಣೆ ಹೊಡೆದಿದ್ದಾರೆ. ಬಾಗಿಲಿನ ತಿರುಗಣೆ ಅಡಿಕೆ ಮನೆಯ ಪೆಟ್ಟಿಗೆಗೆ ಹಾಕುವ ಜಾತಿಯದು, ಕಮ್ಮಾರ ಬಡಿದದ್ದು. ಹಿಂಬದಿಯ ತಗಡನ್ನು ಉಳಿಯಲ್ಲಿ ಕತ್ತರಿಸಿ ಹಲಗೆ ಬಾಗಿಲು ಮಾಡಿದ್ದಾರೆ. ಕತ್ತರಿಸಿದ ಅಂಚನ್ನು ಕೈಗೆ ತಾಗದಂತೆ ಒಳಕ್ಕೆ ಮಡಚಿ ಬಡಿದಿದ್ದಾರೆ, ಉದ್ದಕ್ಕೂ ಒಂದೇ ಅಳತೆಯಲ್ಲಿ. ಇದು ಕೆಲಸ. ಅದೇ ಗಾಡಿಗೆ 1990ರ ದಶಕದಲ್ಲಿ ಯಾರೋ ಹಾಕಿಸಿದ ಫೈಬರ್ ಬಂಪರು, ಡ್ಯಾಶ್‌ಬೋರ್ಡಿಗೆ ಅಂಟಿಸಿದ ಸನ್‌ಮೈಕಾ? ಅದು ಅವತ್ತಿನ ಫ್ಯಾಷನ್. ತೆಗೆದರೆ ಯಾರೂ ಅಳುವುದಿಲ್ಲ. ಫೋಟೋ ತೆಗೆದಿಟ್ಟು ತೆಗೆಯಿರಿ.

ಯಾವ ಪದರ ಉಳಿಸಬೇಕು ಅಂತ ಆರಿಸುವಾಗ ನಾನು ನೋಡುವುದು ಎರಡೇ. ಆ ಪದರದ ಗಾಡಿ ಕಣ್ಣೆದುರು ಎಷ್ಟು ಉಳಿದಿದೆ? ಮತ್ತು ಇವತ್ತು ಮಾಡುವ ಕೆಲಸವನ್ನು ನಾಳೆ ಬಿಚ್ಚಿ ಹಿಂದಕ್ಕೆ ಹೋಗಬಹುದಾ? ನಮ್ಮ ಜೀಪಿನಲ್ಲಿ 1944ರದ್ದು ಉಳಿದದ್ದು ಚಾಸಿ, ಆಕ್ಸಲ್, ಮುಂಭಾಗದ ತಗಡು, ಅಷ್ಟೆ. 1960ರ ದಶಕದ ಊರಿನ ಗಾಡಿ ಮುಕ್ಕಾಲು ಪಾಲು ಹಾಗೇ ಇದೆ. ಯುದ್ಧದ ರೂಪಕ್ಕೆ ಹೋದರೆ ಅರ್ಧಕ್ಕಿಂತ ಜಾಸ್ತಿ ಹೊಸದಾಗಿ ಕೊಂಡು ತರಬೇಕು. ಅದು ಜೀರ್ಣೋದ್ಧಾರ ಅಲ್ಲ, ಹಳೇ ನಂಬರಿನ ಮೇಲೆ ಹೊಸ ಗಾಡಿ.

ಸ್ಟೀರಿಂಗ್, ಎಂಜಿನ್, ವೈರು

ಯುದ್ಧದ ಜೀಪುಗಳೆಲ್ಲ ಎಡಗಡೆ ಸ್ಟೀರಿಂಗಿನವು. ಇಲ್ಲಿ ಬಹಳಷ್ಟನ್ನು ಬಲಕ್ಕೆ ತಂದರು. ಕೇಳಲು ಸಣ್ಣದು, ಆದರೆ ಸ್ಟೀರಿಂಗ್ ಬಾಕ್ಸು, ಪೆಡಲು, ಬ್ರೇಕಿನ ಸಿಲಿಂಡರು, ರಾಡುಗಳು ಎಲ್ಲ ಜಾಗ ಬದಲಿಸಬೇಕು. ಆ ಕೆಲಸ ಎಷ್ಟು ಚೆನ್ನಾಗಿ ಆಗಿದೆ ಅನ್ನುವುದು ಇತಿಹಾಸದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಚಾಸಿಗೆ ಹಾಕಿದ ಬ್ರಾಕೆಟ್ಟಿನ ಬೆಸುಗೆಯಲ್ಲಿ ಕೂದಲಿನಂಥ ಬಿರುಕಿದ್ದರೆ ಹುಲಿಕಲ್ ಘಾಟಿಯ ತಿರುವಿನಲ್ಲಿ ಅದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ಪ್ರಯೋಜನವಿಲ್ಲ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಮೇಲೆ ಬಂದು ಗೆರೆ ಮೂಡುತ್ತದೆ. ಹಳೇ ಮೇಸ್ತ್ರಿಗಳ ವಿದ್ಯೆ, ಈಗಲೂ ಕೆಲಸ ಮಾಡುತ್ತದೆ. ಇನ್ನು ಎಡಕ್ಕೇ ವಾಪಸ್ ತರುವ ಆಸೆ ಇದ್ದರೆ ಕಾನೂನು ಅಡ್ಡ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ಎಡ ಸ್ಟೀರಿಂಗಿನ ಗಾಡಿಗೆ ಕೆಲಸ ಮಾಡುವ ಸಿಗ್ನಲ್ ಸಾಧನ ಇರಬೇಕು, ಅಷ್ಟೆ.

ಎಂಜಿನ್ ವಿಷಯಕ್ಕೆ ಜಗಳ ಜಾಸ್ತಿ. ಮೂಲದ್ದು ನಾಲ್ಕು ಸಿಲಿಂಡರಿನ 2.2 ಲೀಟರ್ ಪೆಟ್ರೋಲ್, 60 ಕುದುರೆ ಶಕ್ತಿ. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನ ಪಕ್ಕದಲ್ಲಿ. ಪೆಟ್ರೋಲ್ ತುಟ್ಟಿಯಾದಾಗ ಮಲೆನಾಡಿನಲ್ಲಿ ಸಾಲು ಸಾಲು ಜೀಪಿಗೆ ಡೀಸೆಲ್ ಎಂಜಿನ್ ಬಂತು. ನಮ್ಮದಕ್ಕೂ ಮಹೀಂದ್ರಾ ಜೀಪಿನ ಪ್ಯೂಜೊ ಡೀಸೆಲ್ ಕೂರಿಸಿದ್ದಾರೆ. ಅದನ್ನು ಕೂರಿಸಲು ಏನೇನು ಕತ್ತರಿಸಿದ್ದಾರೆ ಅಂತ ನೋಡಿ ಹೇಳಬೇಕು. ಮೌಂಟು ಬೋಲ್ಟಿನಲ್ಲಿ ನಿಂತಿದ್ದರೆ ಯಾವಾಗ ಬೇಕಾದರೂ ತೆಗೆಯಬಹುದು. ಚಾಸಿಯ ಅಡ್ಡಪಟ್ಟಿಯನ್ನೇ ಕೊಯ್ದಿದ್ದರೆ ಮೊದಲು ಆ ಗಾಯ ಸರಿ ಮಾಡಬೇಕು. ಹಳೇ ಪೆಟ್ರೋಲ್ ಎಂಜಿನ್ ಅಟ್ಟದ ಕೆಳಗೆ ಬಿದ್ದಿದ್ದರೆ ಗುಜರಿಗೆ ಕೊಡಬೇಡಿ. ಯುದ್ಧದ ನಂತರದ ಸಿಜೆ ಜೀಪಿಗೂ ಅದೇ ವಂಶದ ಎಂಜಿನ್ ಇತ್ತು, ಹಾಗಾಗಿ ಬಿಡಿ ಭಾಗ ಸಿಗುತ್ತದೆ. ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಬೋರಿಂಗ್ ಮಾಡಿಸಬಹುದು. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಪೊರೆ ಅದಕ್ಕೆ ತಾಳುವುದಿಲ್ಲ. ಅದು ಗಾಳಿಯ ತೇವವನ್ನೂ ಎಳೆಯುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಖಾಲಿ ಮಾಡಿಯೇ ನಿಲ್ಲಿಸಬೇಕು.

ವೈರಿಂಗ್ ಮೂಲದಲ್ಲಿ 6 ವೋಲ್ಟ್. 12 ಆಗಿದ್ದರೆ ಹಾಗೇ ಬಿಡಿ. ಬೇಕಾದಾಗ ಬದಲಿಸಬಹುದಾದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬಾರದು.

ಇನ್ನು ತುಕ್ಕು. ಯುದ್ಧದ ಜೀಪಿನ ನೆಲದ ತಗಡಿನ ಕೆಳಗೆ ಟೋಪಿ ಆಕಾರದ ಕಬ್ಬಿಣದ ಪಟ್ಟಿಗಳಿವೆ. ಗಟ್ಟಿಗೆ ಇರಲಿ ಅಂತ ಕಾರ್ಖಾನೆಯಲ್ಲೇ ಅದರೊಳಗೆ ಮರದ ತುಂಡು ತುಂಬಿದ್ದರು. ಆ ಮರ ನೀರು ಹೀರಿಕೊಂಡು ಕೂರುತ್ತದೆ. ಮೇಲಿಂದ ನೆಲ ಚೆನ್ನಾಗಿ ಕಾಣುತ್ತದೆ, ಒಳಗಿಂದ ಕಬ್ಬಿಣ ಹಪ್ಪಳ. ಸ್ಕ್ರೂ ಡ್ರೈವರ್ ಹಿಡಿದು ಕೆಳಗಿನಿಂದ ಚುಚ್ಚಿ ನೋಡಿ. ಡ್ರೈವರ್ ಸೀಟಿನ ಕೆಳಗೆ ಟ್ಯಾಂಕು ಕೂರುವ ಗುಂಡಿಯ ಕಥೆಯೂ ಇದೇ. ತಮಾಷೆ ನೋಡಿ, ನಮ್ಮ ಗಾಡಿಯಲ್ಲಿ ಅಮೆರಿಕದ ಕಾರ್ಖಾನೆ ಹಾಕಿದ ಮರ ಪುಡಿಪುಡಿ, ಹೊಸನಗರದ ಬಡಗಿ ಹಾಕಿದ ಹೆಬ್ಬಲಸು ಗಟ್ಟಿ. ಒಂದು ಕಂಬದ ಬುಡಕ್ಕೆ ಮಾತ್ರ ಒರಲೆ ಹತ್ತಿದೆ.

ಹಸಿರು ಹೊಡೆಯುವ ಮುಂಚೆ

ಹುಡುಗರಿಗೆ ಬೇಸರವಾದದ್ದು ಇಲ್ಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅಂತ ಒಂದಿದೆ. ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆಯವರು ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ. ಅಂದರೆ ನೀವು ಯುದ್ಧದ ಜೀಪನ್ನು ಎಷ್ಟು ಸರಿಯಾಗಿ ಮಾಡುತ್ತೀರೋ, ರಸ್ತೆಗೆ ಅದು ಅಷ್ಟು ತಪ್ಪಾಗುತ್ತದೆ. ಅಮೆರಿಕದ ಸೈನ್ಯದ ನಕ್ಷತ್ರ ಬಳಿದ ಹಸಿರು ಜೀಪುಗಳು ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ, ನಿಜ. ಯಾರೂ ಹಿಡಿಯದಿದ್ದರೆ ಅದು ಅವರ ಅದೃಷ್ಟ. ಲಕ್ಷಗಟ್ಟಲೆ ಸುರಿದ ಮೇಲೆ ಅದೃಷ್ಟ ನಂಬಿಕೊಂಡು ಸಾಗರಕ್ಕೆ ಹೋಗಿ ಬರುವುದು ಯಾಕೆ?

ಎರಡನೆಯದು ದಾಖಲೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮರು ನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರು ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರು ಇರುವವರು ಅದನ್ನು ಜೋಪಾನ ಮಾಡಿ. ಶಿವಮೊಗ್ಗ, ಸಾಗರದ ಕೆಎ 14, ಕೆಎ 15 ಬಂದದ್ದು ಬಹಳ ಆಮೇಲೆ. ವಿಂಟೇಜ್ ಆದ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಅಡಿಕೆ ಹೇರಲು ಅಲ್ಲ.

ಅದರಲ್ಲಿ ಇನ್ನೊಂದು ಷರತ್ತಿದೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಹಾಗಾದರೆ 60 ವರ್ಷದ ಹಿಂದೆ ಬದಲಾದ ಜೀಪಿನ ಮೂಲ ರೂಪ ಯಾವುದು? ಮಾವನ ಪ್ರಶ್ನೆಯೂ ಇದೇ ಆಗಿತ್ತು, ಅಲ್ವಾ? ಇದಕ್ಕೆ ವಾದ ಮಾಡಿ ಉಪಯೋಗವಿಲ್ಲ. ವಿಂಟೇಜ್ ದಾರಿ ಹಿಡಿಯುವುದಾದರೆ ಡೀಸೆಲ್ ಎಂಜಿನ್ ತೊಂದರೆ ಕೊಡುತ್ತದೆ ಅಂತ ಗೊತ್ತಿಟ್ಟುಕೊಳ್ಳಿ. ಮಾಮೂಲಿ ನೋಂದಣಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುವುದಾದರೆ, ಆರ್‌ಸಿಯಲ್ಲಿ ಏನು ಬರೆದಿದೆಯೋ ಗಾಡಿಯಲ್ಲಿ ಅದೇ ಇರಬೇಕು. ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಅದನ್ನೇ. ಕೆಲಸ ಶುರು ಮಾಡುವ ಮುಂಚೆ ಆರ್‌ಸಿ ತೆಗೆದು ಇಂಧನ, ಎಂಜಿನ್ ನಂಬರು, ಚಾಸಿ ನಂಬರು ಮೂರನ್ನೂ ಗಾಡಿಯ ಜೊತೆ ತಾಳೆ ನೋಡಿ. ಎಷ್ಟೋ ಮನೆಯಲ್ಲಿ ಈ ಮೂರೂ ಮೂರು ದಿಕ್ಕು.

ಇದೆಲ್ಲ ಜೀಪಿನ ಮಾತಾಯಿತು. ನಾಟಾ ಎಳೆದ ಮಿಲಿಟರಿ ಲಾರಿ ನಿಮ್ಮಲ್ಲಿದ್ದರೆ ತೂಕವೇ ಬೇರೆ. ಯುದ್ಧದಲ್ಲಿ ಕೆನಡಾ ಎಂಟು ಲಕ್ಷಕ್ಕೂ ಜಾಸ್ತಿ ಸೈನಿಕ ವಾಹನ ಮಾಡಿತು. ಅದರಲ್ಲಿ ಸುಮಾರು ಅರ್ಧ ಷೆವರ್ಲೆ, ಫೋರ್ಡ್‌ನ ಮೊಂಡು ಮೂತಿಯ ಲಾರಿಗಳು. ಅವುಗಳ ಕೊನೆಯ ಮಾದರಿಯ ಮುಂದಿನ ಗಾಜು ಕೆಳಮುಖವಾಗಿ ಓರೆಯಾಗಿದೆ. ಬಿಸಿಲು ಹೊಳೆದು ಮೇಲಿನ ವಿಮಾನಕ್ಕೆ ಸುಳಿವು ಸಿಗಬಾರದು ಅಂತ. ನಮ್ಮಲ್ಲಿ ಆ ಕ್ಯಾಬಿನ್ನನ್ನೇ ಕಿತ್ತು ಮರದ ಕ್ಯಾಬಿನ್ ಕಟ್ಟಿಕೊಂಡವರಿದ್ದಾರೆ. ಆ ಓರೆ ಗಾಜಿನ ಚೌಕಟ್ಟು ಇನ್ನೂ ಉಳಿದಿರುವ ಲಾರಿ ಸಿಕ್ಕರೆ ನನ್ನ ಮಾತನ್ನು ನಾನೇ ಮುರಿದು ಯುದ್ಧದ ರೂಪದ ಕಡೆ ವಾಲುತ್ತೇನೆ. ಅದಕ್ಕೆ ಹೊಸ ತಗಡು ಒತ್ತಿ ಮಾರುವ ಅಂಗಡಿ ನಾನು ಕಂಡಿಲ್ಲ.

ನಮ್ಮ ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಇದು. ಇಸವಿ 1960ರ ದಶಕ. ಬಣ್ಣ ಆಕಾಶ ನೀಲಿ, ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಉಜ್ಜಿದ ಬಳೆ ಹಾಗೇ ಇರಲಿ. ಮರದ ಮೈ ಉಳಿಯುತ್ತದೆ. ಸ್ಟೀರಿಂಗ್ ಬಲದಲ್ಲೇ, ಬ್ರಾಕೆಟ್ ಮಾತ್ರ ಹೊಸದು, ಅದರ ಮೇಲೆ ಮಾಡಿಸಿದ ವರ್ಷ ಕೊರೆಯುವುದು. ಎಡಗಡೆ ಹಳೇ ಸ್ಟೀರಿಂಗ್ ಇಳಿಯುತ್ತಿದ್ದ ರಂಧ್ರಕ್ಕೆ ಯಾರೋ ಡಾಲ್ಡಾ ಡಬ್ಬದ ತಗಡು ಮುಚ್ಚಿ ರಿವೆಟ್ ಹೊಡೆದಿದ್ದಾರೆ. ಅದನ್ನು ತೆಗೆಯಲು ಮಾವ ಬಿಡಲಿಲ್ಲ. ಡೀಸೆಲ್ ಎಂಜಿನ್ ಬಗ್ಗೆ ಇನ್ನೂ ಜಗಳ ಮುಗಿದಿಲ್ಲ. ಬಿಚ್ಚಿದ ಪ್ರತಿ ಬೋಲ್ಟೂ ಗೋಣಿ ಚೀಲದಲ್ಲಿದೆ, ಚೀಲದ ಬಾಯಿಗೆ ಚೀಟಿ ಕಟ್ಟಿದ್ದೇವೆ. ಒರಲೆ ತಿಂದ ಕಂಬಕ್ಕೆ ಹೆಬ್ಬಲಸಿನ ತುಂಡು ಕೊಯ್ಸಿ ಅಟ್ಟದ ಮೇಲೆ ಇಟ್ಟಾಗಿದೆ. ಈ ಮಳೆಗಾಲ ಕಳೆದು, ಒಂದು ಬೇಸಿಗೆ ಪೂರ್ತಿ ಒಣಗಿದ ಮೇಲೇ ಕಚ್ಚು ಹಾಕುವುದು ಅಂತ ಬಡಗಿ ಹೇಳಿ ಹೋಗಿದ್ದಾನೆ.